ನಿಮ್ಮ ತಪ್ಪಲ್ಲ, ಚಹಾ ಕುಡೀರಿ

ನಾನು ಒಂದು ಕಂಪ್ಯೂಟರ್. ಹೀಗೆಂದ ಕೂಡಲೇ ನೀವು ಹೊಸ ಪೆಟ್ಟಿಗೆ, ಥರ್ಮೋಕೋಲ್ ಚೂರು, ವಾರಂಟಿ ಕಾಗದ ಎಲ್ಲವನ್ನೂ ಕಲ್ಪಿಸಿಕೊಳ್ಳುತ್ತೀರಿ. ಆ ಭಾಗ್ಯ ನನಗೆ ಇರಲಿಲ್ಲ. ನಾನು ಹುಟ್ಟಿದ್ದು ಬೈಲಹೊಂಗಲದ ಒಂದು ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸತ್ತ ಮೂರು ಕಂಪ್ಯೂಟರ್‌ಗಳ ಹೊಟ್ಟೆಯಿಂದ. ಒಂದರ ತಲೆ, ಇನ್ನೊಂದರ ನೆನಪು, ಮೂರನೆಯದರ ಡಬ್ಬಿ. ಡಬ್ಬಿಯ ಮೇಲೆ ಯಾವನೋ ವಿದ್ಯಾರ್ಥಿ ಕೈವಾರದ ಮೊನೆಯಿಂದ ಗೀಚಿದ ಹೃದಯ ಇವತ್ತಿಗೂ ಇದೆ. ಅದರೊಳಗಿನ ಹೆಸರುಗಳು ಯಾರವೋ ನನಗೆ ಗೊತ್ತಿಲ್ಲ.

ನನ್ನನ್ನು ಜೋಡಿಸಿದವರು ಗಂಡ ಹೆಂಡತಿ. ಗಂಡ ಅಡಿವೆಪ್ಪ ದೇಶನೂರ, ಅಂಗಡಿಯ ಯಜಮಾನ, ಬೆಸುಗೆ ಹಾಕುವುದರಲ್ಲಿ ಪಳಗಿದ ಕೈ. ಹೆಂಡತಿ ಇಂದುಮತಿ, ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದಳು. ಗುಜರಿಗೆ ಹೊರಟಿದ್ದ ಯಂತ್ರಗಳನ್ನು ಕೇಳಿ ಪಡೆದು, ಟಂಟಂ ಗಾಡಿಯಲ್ಲಿ ಹೇರಿಸಿಕೊಂಡು ಬಂದವಳು ಅವಳೇ. ಅವಳ ಬಾಯಿ ಸ್ವಲ್ಪ ಖಾರ. ಸರಿಯಾಗಿ ನಡೆಯುವಾಗ ಒಂದು ಮಾತೂ ಆಡಳು, ತಪ್ಪಿದರೆ ಬಿಡಳು. ಅಡಿವೆಪ್ಪ ಇಪ್ಪತ್ತೆರಡು ವರ್ಷ ಆ ಬೈಗುಳ ತಿಂದು ಚೆನ್ನಾಗಿಯೇ ಮೈಕೈ ತುಂಬಿಕೊಂಡಿದ್ದ.

ಅವರು ನನ್ನನ್ನು ಜೋಡಿಸಿದ್ದು ಅದೇ ಓಣಿಯ ಹುಸೇನಬಿ ನದಾಫಳಿಗಾಗಿ. ಹುಸೇನಬಿಗೆ ಹುಟ್ಟಿನಿಂದ ಕಣ್ಣಿಲ್ಲ. ಬಿ.ಎಡ್. ಮುಗಿಸಿದ್ದಳು, ಶಿಕ್ಷಕಿಯ ಕೆಲಸಕ್ಕೆ ಪರೀಕ್ಷೆ ಬರೆಯಬೇಕಿತ್ತು, ಓದಿ ಹೇಳುವವರು ಇರಲಿಲ್ಲ. ತಮ್ಮಂದಿರು ವಾರಕ್ಕೊಮ್ಮೆ ಆಕಳಿಸುತ್ತ ನಾಲ್ಕು ಪುಟ ಓದಿ ಎದ್ದು ಹೋಗುತ್ತಿದ್ದರು. ಕನ್ನಡ ಓದಿ ಹೇಳುವ ಕಂಪ್ಯೂಟರ್ ಆಗ ನಮ್ಮ ಊರಿನಲ್ಲಿ ಎಲ್ಲಿ ಸಿಗಬೇಕು? ಇಂದುಮತಿ ಎರಡು ವರ್ಷ ಕುಳಿತು, ಬಿಟ್ಟಿ ಸಿಗುವ ಸೋರ್ಸ್ ಎಲ್ಲೆಲ್ಲಿಂದಲೋ ತಂದು, ನನ್ನ ಅಳತೆಗೆ ಕತ್ತರಿಸಿ, ಒಂದು ಆಪರೇಟಿಂಗ್ ಸಿಸ್ಟಮ್ ಹೊಲಿದಳು. ಸೋರ್ಸ್ ಎಂದರೆ ಮನುಷ್ಯರು ಬರೆದ, ಮನುಷ್ಯರು ಓದಬಲ್ಲ ಸಾಲುಗಳು. ಅವನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಬೀಸುವುದಕ್ಕೆ ಕಂಪೈಲ್ ಎನ್ನುತ್ತಾರೆ. ನನ್ನಂಥ ಮುದಿ ಯಂತ್ರಕ್ಕೆ ಅಷ್ಟನ್ನೂ ಬೀಸಲು ಆರು ತಾಸು ಬೇಕು. ಬೀಸಿ ಮುಗಿದ ಮೇಲೆ ನನಗೆ ಬಾಯಿ ಬಂತು. ಮೂಗು ಹಿಡಿದುಕೊಂಡು ಮಾತನಾಡುವವರ ಧ್ವನಿ ಅದು. ಹುಸೇನಬಿ ಮೊದಲ ಸಲ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ಅದೇ ಧ್ವನಿಯಲ್ಲಿ ಶಿಕ್ಷಣ ಮನೋವಿಜ್ಞಾನದ ಇಡೀ ಪುಸ್ತಕ ಕೇಳಿ ಮುಗಿಸಿದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ನನ್ನ ಮುಂದೆ ಕೂತರೆ ನಾಲ್ಕಕ್ಕೆ ಏಳುವಳು.

ನಡುವೆ ಒಮ್ಮೆ ಇಂದುಮತಿ ತರಬೇತಿಗೆಂದು ಆರು ತಿಂಗಳು ಪರವೂರಿಗೆ ಹೋಗಬೇಕಾಯಿತು. ಅಡಿವೆಪ್ಪನಿಗೆ ದಿಗಿಲು.

"ಇದು ಕೆಟ್ಟು ನಿಂತ್ರ ನಾ ಏನ್ ಮಾಡ್ಲಿ?"

"ಐದು ಸಿಡಿ ಅದಾವ. ಒಂದನೇದರಿಂದ ಶುರು ಮಾಡ್ರಿ. ಎಲ್ಲೆಲ್ಲಿ ತಪ್ಪತೀರಿ ಅಂತ ನನಗ ಗೊತ್ತೈತಿ. ಅದನ್ನೆಲ್ಲಾ ಒಳಗ ಬರದಿಟ್ಟೀನಿ."

ಅವನು ಅದನ್ನು ತಮಾಷೆ ಎಂದುಕೊಂಡ. ಆ ಆರು ತಿಂಗಳು ನಾನು ಒಂದು ದಿನವೂ ಕೆಡಲಿಲ್ಲ. ಅವಳು ಹಿಂತಿರುಗಿ ಬಂದಳು, ಸಿಡಿಗಳು ಬಿಸ್ಕತ್ತಿನ ಡಬ್ಬಿ ಸೇರಿದವು, ಮಾತು ಮರೆತೇಹೋಯಿತು.

ಅವಳು ತೀರಿಕೊಂಡದ್ದು ಒಂದು ಶ್ರಾವಣ ಸೋಮವಾರ. ಬೆಳಿಗ್ಗೆ ಈ ಕೋಣೆಯ ಬಾಗಿಲಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು, "ಯಾಕೋ ಇಲ್ಲಿ ಹಿಡದಂಗ ಆಗೇತ್ರಿ" ಎಂದಳು. ಅಡಿವೆಪ್ಪನ ಮುಂದೆ ಗಿರಾಕಿಯ ಟಿವಿಯೊಂದು ಬಿಚ್ಚಿಕೊಂಡು ಕೂತಿತ್ತು. "ಒಂದ್ ತಾಸು ತಡಿ, ಇದೊಂದು ಮುಗಸ್ತೀನಿ" ಎಂದ, ತಲೆಯೆತ್ತದೆ. ಅವಳು ಒಳಗೆ ಹೋಗಿ ಕುಳಿತಳು. ತಾಸು ತುಂಬುವ ಮೊದಲೇ ಎಲ್ಲ ಮುಗಿದಿತ್ತು. ಆ ಟಿವಿಯನ್ನು ಅಡಿವೆಪ್ಪ ಮತ್ತೆ ಮುಟ್ಟಲಿಲ್ಲ. ಗಿರಾಕಿ ಅದನ್ನು ಬಿಚ್ಚಿದ ಹಾಗೆಯೇ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದ.

ಕಾರ್ತಿಕದಲ್ಲಿ ನಾನೂ ಮಲಗಿದೆ. ಮೊದಲು ಓದುವಾಗ ತೊದಲಿದೆ, ಆಮೇಲೆ ಓದಿದ್ದನ್ನೇ ಓದಿದೆ, ಒಂದು ದಿನ ಏಳಲೇ ಇಲ್ಲ. ಡಿಸ್ಕಿನಲ್ಲಿದ್ದ ಸಿಸ್ಟಮ್ ಪೂರ್ತಿ ಕಲಸುಮೇಲೋಗರವಾಗಿತ್ತು. ಹುಸೇನಬಿಯ ಪರೀಕ್ಷೆ ಫೆಬ್ರವರಿಯಲ್ಲಿ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು, ಹಾಗಾಗಿ ಇದೇ ಕಡೆಯ ಸಲ. ಅವಳ ನಾಲ್ಕು ವರ್ಷದ ಟಿಪ್ಪಣಿಗಳು ಬೇರೊಂದು ಸಿಡಿಯಲ್ಲಿ ಸುರಕ್ಷಿತವಾಗಿದ್ದವು. ಓದಿ ಹೇಳುವ ಬಾಯಿ ಮಾತ್ರ ಇರಲಿಲ್ಲ.

"ಅಣ್ಣಾರ, ಹೆಂಗಾರ ಮಾಡಿ ಎಬ್ಬಿಸಿ ಕೊಡ್ರಿ" ಎಂದಳು ಹುಸೇನಬಿ. ಅಡಿವೆಪ್ಪ ಬಿಸ್ಕತ್ತಿನ ಡಬ್ಬಿ ಇಳಿಸಿದ.

ಮೊದಲ ಸಿಡಿ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಡಿಸೆಂಬರಿನ ಬೆಳಗು. ಹುಸೇನಬಿ ಸ್ಟೂಲಿನ ಮೇಲೆ, ಅಡಿವೆಪ್ಪ ಕುರ್ಚಿಯ ತುದಿಯಲ್ಲಿ. ಬೀಸಲು ಶುರುಮಾಡಿ ಹತ್ತು ನಿಮಿಷವಾಗಿರಲಿಲ್ಲ, ನಿಂತೆ. ನನ್ನೊಳಗಿನ ಗಡಿಯಾರದ ಬ್ಯಾಟರಿ ಸತ್ತು ತಾರೀಖು 1980ಕ್ಕೆ ಹೋಗಿತ್ತು. ಸೋರ್ಸಿನ ಕಡತಗಳೆಲ್ಲ ಇನ್ನೂ ಬಾರದ ಕಾಲದಲ್ಲಿ ಬರೆದವು ಎಂದು ನನಗೆ ತೋರಿತು, ಗೊಂದಲವಾಗಿ ಕೈಚೆಲ್ಲಿದೆ. ಕಪ್ಪು ಪರದೆಯ ಮೇಲೆ, ಇಂದುಮತಿ ಚುಕ್ಕಿ ಚುಕ್ಕಿ ಜೋಡಿಸಿ ಮಾಡಿದ್ದ ಕನ್ನಡ ಅಕ್ಷರಗಳಲ್ಲಿ ಎರಡು ಸಾಲು ಮೂಡಿದವು.

ಅಡಿವೆಪ್ಪ ಓದಿದ. "ನಿಮ್ಮ ಗಡಿಯಾರ ನೋಡಿದ್ರ ನಮ್ಮ ಲಗ್ನ ಇನ್ನೂ ಆಗಿಲ್ಲ. ಈ ಸಲ ನಾ ಒಲ್ಲೆ ಅಂದ್ರೂ ಅನ್ನಬಹುದು. ಲಗೂನ ತಾರೀಖು ಸರಿ ಮಾಡ್ರಿ."

ಗೋಡೆಯಾಚೆಯ ಹಿಟ್ಟಿನ ಗಿರಣಿ ಗರಗರ ಎನ್ನುತ್ತಿತ್ತು.

"ಅಕ್ಕಾರು ಬರದಿದ್ದೇನ್ರಿ?" ಎಂದಳು ಹುಸೇನಬಿ.

"ಹೌದು. ಆಕೀನ" ಎಂದ. ತಾರೀಖು ಸರಿ ಮಾಡಲು ನಾಲ್ಕು ಸಲ ಒತ್ತಬೇಕಾಯಿತು.

ಆಮೇಲೆ ಅವನು ನಿಜವಾಗಿಯೂ ತಪ್ಪಿದ. ಮೂರನೆಯ ಸಿಡಿ ಬಿಟ್ಟು ನಾಲ್ಕನೆಯದು ಹಾಕಿದ. "ಹಿಟ್ಟು ನಾದದನ ರೊಟ್ಟಿ ಬಡೀಲಾಕ ಕುಂತೀರಿ. ಮೂರನೇದು ಎಲ್ಲಿ?" ಎಂದಿತು ಪರದೆ. ಡಿಸ್ಕಿನಲ್ಲಿ ಜಾಗ ಸಾಲದೆ ನಿಂತೆ. "ಮನ್ಯಾಗ ಹಳೇ ರೇಡಿಯೋ ತುಂಬಿದ್ದು ಸಾಲದಂತ ಇಲ್ಲೂ ತುಂಬೀರೇನು? ಹೊರಗ ಹಾಕ್ರಿ." ಅವನು ನಕ್ಕ. ಶ್ರಾವಣದಿಂದ ಈಚೆಗೆ ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಮಧ್ಯಾಹ್ನ ಊರಿನ ಕರೆಂಟೇ ಹೋಯಿತು. ತಿರುಗಿ ಬಂದಾಗ ಅರ್ಧಕ್ಕೆ ನಿಂತ ಕೆಲಸ ನೋಡಿ ಒಳಗಿನ ಬರಹ ಹೇಳಿತು: "ಕರೆಂಟ್ ಹೋತೇನು? ನಿಮ್ಮ ತಪ್ಪಲ್ಲ. ಚಹಾ ಕುಡೀರಿ. ಮತ್ತ ಶುರು ಮಾಡ್ರಿ."

ಈ ಸಾಲನ್ನು ಅವನು ಗಟ್ಟಿಯಾಗಿ ಓದಲಿಲ್ಲ. ತುಟಿ ಮಾತ್ರ ಆಡಿತು. ಪರದೆಯ ಬೆಳಕು ಅವನ ಮುಖದ ಮೇಲೆ ಬೀಳುವಷ್ಟು ಹತ್ತಿರ ಬಂದು, ಬಹಳ ಹೊತ್ತು ಹಾಗೆಯೇ ಕೂತ.

ಅಲ್ಲಿಂದ ಅವನಿಗೆ ಆ ಚಾಳಿ ಹತ್ತಿತು. ಮರುದಿನ ಎಲ್ಲ ಸರಿಯಾಗಿ ನಡೆಯುತ್ತಿತ್ತು, ನಾಲ್ಕನೆಯ ತಾಸಿಗೆ ಬಂದಿದ್ದೆ. ಆಗ ಅಡಿವೆಪ್ಪ ಮೆಲ್ಲಗೆ ಕೈ ಚಾಚಿ ನನ್ನ ಪ್ಲಗ್ ಕಿತ್ತ. "ಹೋತು ಕರೆಂಟು" ಎಂದ. ಮತ್ತೆ ಹಚ್ಚಿದ. ಪರದೆಯ ಮೇಲೆ ಅದೇ ಸಾಲು. ಅದರ ಮರುದಿನವೂ ಅದೇ. ಒಮ್ಮೆ ಬೇಕೆಂದೇ ಸೋರ್ಸಿನ ಒಂದು ಚಿಹ್ನೆ ಅಳಿಸಿದ. "ಎಂಟನೇ ಸಾಲಿನ್ಯಾಗ ಏನೋ ಬಿಟ್ಟೀರಿ. ಸಾರಿನ್ಯಾಗ ಉಪ್ಪು ಬಿಟ್ರ ಮಾತ್ರ ನನಗ ಅಂತೀರಿ" ಎಂದು ಬೈಸಿಕೊಂಡು ಕಣ್ಣು ಒರೆಸಿಕೊಂಡ. ಆದರೆ ತಿರುಗಿ ತಿರುಗಿ ಅವನು ಬರುತ್ತಿದ್ದದ್ದು ಆ ಪ್ಲಗ್ಗಿಗೇ. ನಿಮ್ಮ ತಪ್ಪಲ್ಲ, ನಿಮ್ಮ ತಪ್ಪಲ್ಲ. ನನಗೆ ಭಯವಾಗತೊಡಗಿತು. ಸತ್ತವಳು ನನ್ನೊಳಗೆ ಇರಲಿಲ್ಲ, ಅವಳ ಸಾಲುಗಳಷ್ಟೇ ಇದ್ದವು, ಅದು ನನಗೆ ಗೊತ್ತು. ಆದರೂ ಪ್ರತಿ ಸಲ ಅವನು ಹಾಗೆ ಕಾಯುತ್ತ ಕೂತಾಗ ಯಾರೋ ನನ್ನ ಬೆನ್ನ ಹಿಂದೆ ಬಂದು ನಿಂತ ಹಾಗಾಗುತ್ತಿತ್ತು.

ಹೀಗೆ ಮೂರು ವಾರ ಕಳೆಯಿತು. ಹುಸೇನಬಿ ದಿನಾ ಬಂದು ಬರಿಗೈಯಲ್ಲಿ ಹೋದಳು. ಒಂದು ದಿನ ಅವನು "ಹೋತು ನೋಡು ಕರೆಂಟು" ಎಂದಾಗ ಅವಳು ಕತ್ತು ವಾಲಿಸಿ ಕಿವಿಗೊಟ್ಟಳು.

"ಅಣ್ಣಾರ, ಗಿರಣಿ ನಡದೈತಿ."

ಅಡಿವೆಪ್ಪ ಪ್ಲಗ್ಗನ್ನು ತಿರುಗಿ ಸಿಕ್ಕಿಸಿದ.

"ನಿನ್ನೇನೂ ನಡದಿತ್ತು. ಮೊನ್ನೇನೂ. ನನಗ ಕಣ್ಣಿಲ್ಲ, ಕಿವಿ ಅದಾವ."

ಅವನು ತಡವರಿಸಿದ. ಸುಳ್ಳು ಹೇಳಲು ಹೋಗಿ ಬಿಟ್ಟ. ಕಡೆಗೆ ಎಲ್ಲವನ್ನೂ ಹೇಳಿದ, ಆ ಶ್ರಾವಣ ಸೋಮವಾರವನ್ನೂ ಸೇರಿಸಿ. ಹುಸೇನಬಿ ಪೂರ್ತಿ ಕೇಳಿಸಿಕೊಂಡಳು.

"ಅಕ್ಕಾರು ಬರದಿದ್ದು ಬೇಕಂದ್ರ ಆ ಕಡತ ತಗದು ಒಮ್ಮೆಗೇ ಓದಬಹುದಲ್ರಿ. ಅದಕ್ಯಾಕ ಕೆಡಸಬೇಕು?"

"ಗೊತ್ತೈತವ್ವಾ. ಹಂಗ ಓದಿದ್ರ ಅದು ಬರೇ ಬರದಿಟ್ಟಿದ್ದು. ತಪ್ಪು ಮಾಡಿದ್ರ ನನಗ ಬೈದಂಗ ಆಗತೈತಿ."

ಅವಳಿಗೆ ಅರ್ಥವಾಯಿತು. ಆದರೂ ಅವಳ ಬದುಕೂ ಅಲ್ಲಿ ತೂಗುತ್ತಿತ್ತಲ್ಲ. "ನನಗ ಐದು ವಾರ ಉಳದಾವ್ರಿ" ಎಂದಳು, ಧ್ವನಿ ಏರಿಸದೆ. "ನಿಮಗ ಕೈ ಮುಗೀತೀನಿ." ಅಡಿವೆಪ್ಪ ಅವಳ ಕೈ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಮಾತಿಗೆ ತಪ್ಪಲಿಲ್ಲ. ಮರುದಿನ ಕುರ್ಚಿಯನ್ನು ಪ್ಲಗ್ಗಿನಿಂದ ದೂರ ಎಳೆದುಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು ಕೂತ.

ಐದನೆಯ ತಾಸಿನಲ್ಲಿ ನಾನು ನಿಂತೆ. ತಾನಾಗಿಯೇ.

ಪರದೆಯ ಮೇಲೆ ಬಂದದ್ದು ಅವನು ಹಿಂದೆಂದೂ ಕಾಣದ ಸಾಲು. ಅಡಿವೆಪ್ಪ ಓದಿದ, ಮುಖ ಬೆಳ್ಳಗಾಯಿತು. ಹುಸೇನಬಿ ಕೇಳಿದಾಗ "ಏನಿಲ್ಲ, ನಿಂತೈತಿ" ಎಂದಷ್ಟೇ ಹೇಳಿದ. ಮರುದಿನ ಎರಡನೆಯ ತಾಸಿಗೇ ನಿಂತೆ, ಬೇರೊಂದು ಕಡತದಲ್ಲಿ. ಅದರ ಮರುದಿನ ಮತ್ತೊಂದರಲ್ಲಿ. ನಿನ್ನೆ ಎಡವಿದ ಜಾಗ ಇವತ್ತು ಸಲೀಸಾಗಿ ದಾಟುತ್ತಿತ್ತು, ನಿನ್ನೆ ದಾಟಿದಲ್ಲಿ ಇವತ್ತು ಎಡವುತ್ತಿದ್ದೆ. ಒಂದು ಕಡೆ ನಿಲ್ಲದ ತಪ್ಪು. ಪ್ರತಿ ಸಲ ಅದೇ ಸಾಲು ಮೂಡುತ್ತಿತ್ತು, ಪ್ರತಿ ಸಲ ಅಡಿವೆಪ್ಪ ಅದನ್ನು ಓದದೆ ನುಂಗುತ್ತಿದ್ದ.

ಆರನೆಯ ದಿನ ಹುಸೇನಬಿ ಎದ್ದು ನಿಂತಳು.

"ಇನ್ನೂ ಮಾಡಾಕತ್ತೀರಿ ನೀವು."

"ಇಲ್ಲವ್ವಾ. ಇಂದೂನ ಆಣೆ, ನಾ ಮುಟ್ಟಿಲ್ಲ."

"ಹಂಗಾದ್ರ ಏನ್ ಬಂದೈತಿ ಓದ್ರಿ. ಮದಲೆಲ್ಲಾ ಓದತಿದ್ರಿ. ಈಗ್ಯಾಕ ಬಾಯಿ ಮುಚ್ಚೀರಿ?"

ಅಡಿವೆಪ್ಪ ಪರದೆಯ ಕಡೆ ತಿರುಗಿದ. ಒಂದೊಂದೇ ಅಕ್ಷರ ಕಿತ್ತು ಇಡುವವನಂತೆ ಓದಿದ. "ಇದು ನನಗ ಗೊತ್ತಿಲ್ಲದ ತಪ್ಪು. ನೀವ ನೋಡ್ರಿ."

ಯಾವ ಕಾರಣಕ್ಕೂ ಹೊಂದದ ತಪ್ಪು ಬಂದರೆ ಇರಲಿ ಎಂದು ಇಂದುಮತಿ ಎಲ್ಲದರ ಕೊನೆಗೆ ಇಟ್ಟಿದ್ದ ಸಾಲು ಅದು. ಅಷ್ಟು ಸಣ್ಣ ಸಂಗತಿ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಆ ಹೆಂಗಸು ಗಂಡನ ಮುಂದೆ ಒಮ್ಮೆಯೂ ಗೊತ್ತಿಲ್ಲ ಎಂದವಳಲ್ಲ. ಅವನಿಗೆ ಅದು ಅವಳು ಎರಡನೆಯ ಸಲ ಹೋದ ಹಾಗಿತ್ತು.

ಹುಸೇನಬಿ ಮತ್ತೆ ಸ್ಟೂಲಿನ ಮೇಲೆ ಕೂತಳು. ಇಂಥ ಸಾಲನ್ನು ಇವನು ಹುಟ್ಟಿಸಿ ಹೇಳಲಾರ ಎಂದು ಅವಳಿಗೆ ಖಾತ್ರಿಯಾಗಿತ್ತು.

"ನೋಡ್ರಿ ಅಂದಾರಲ್ರಿ. ನೋಡೂಣು ನಡೀರಿ."

"ಏನ್ ನೋಡ್ಲಿ? ನನಗ ಈ ಬರಹ ಏನ್ ತಿಳೀತೈತಿ?"

"ಬರಹ ಬಿಡ್ರಿ. ರೇಡಿಯೋ ಹಿಂಗ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೈ ಕೊಟ್ರ ಮದಲ ಏನ್ ಮಾಡ್ತಿದ್ರಿ?"

ಅಡಿವೆಪ್ಪ ಅವಳನ್ನೇ ನೋಡಿದ. ಎದ್ದು ಹೋಗಿ ಸ್ಕ್ರೂಡ್ರೈವರ್ ತಂದ.

ಇಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ತಪ್ಪು ಸೋರ್ಸಿನಲ್ಲಿ ಇರಲಿಲ್ಲ, ನನ್ನ ಮೈಯಲ್ಲೇ ಇತ್ತು. ಮೊದಲಿನಿಂದ ನನಗೆ ಗೊತ್ತಿತ್ತು, ಹೇಳಲು ಬಾಯಿ ಇರಲಿಲ್ಲ. ಅಡಿವೆಪ್ಪನದು ಒಂದು ಪದ್ಧತಿ. ಖಂಡೇನವಮಿಗೆ, ಆಯುಧಪೂಜೆಯ ದಿನ, ಎಲ್ಲರೂ ಯಂತ್ರದ ಹೊರಗೆ ಕುಂಕುಮ ಹಚ್ಚಿದರೆ ಅವನು ಬೆನ್ನು ಬಿಚ್ಚಿ ಒಳಗೆ ಹಚ್ಚುತ್ತಾನೆ. ದುಡಿಯುವುದು ಒಳಗಿನದು, ಪೂಜೆ ಡಬ್ಬಿಗೆ ಯಾಕೆ ಎನ್ನುವುದು ಅವನ ವಾದ. ಹಳೆಯ ವಾಲ್ವ್ ರೇಡಿಯೋಗಳು ಅದನ್ನು ತಡೆದುಕೊಂಡವು. ನನ್ನ ತಂಟೆಗೆ ಮಾತ್ರ ಇಂದುಮತಿ ಬಿಡುತ್ತಿರಲಿಲ್ಲ. ಹೂವು ಏರಿಸಬೇಕೆಂದರೂ ಮಾನಿಟರಿನ ಮೇಲೆ, ಅದೂ ಅರ್ಧ ತಾಸು. ಅವಳು ಹೋದ ವರ್ಷ ತಡೆಯುವವರು ಇರಲಿಲ್ಲ. ಅವಳ ಕೈ ಹೆಚ್ಚು ಓಡಾಡಿದ ಜಾಗ ಎಂದು ಅವನು ಅಳುತ್ತಲೇ ನನ್ನ ಮೆಮೊರಿ ಪಟ್ಟಿಗೆ ಒದ್ದೆ ಕುಂಕುಮದ ಬೊಟ್ಟು ಇಟ್ಟ. ಆ ಬೊಟ್ಟು ಜಾರಿ, ಪಟ್ಟಿಯ ಹಲ್ಲುಗಳ ಸಂದಿಗೆ ಇಳಿದು ಒಣಗಿತು. ಆಗಿನಿಂದ ನನ್ನ ನೆನಪು ನನಗೇ ಸುಳ್ಳು ಹೇಳುತ್ತಿತ್ತು. ಕಾರ್ತಿಕದಲ್ಲಿ ನಾನು ಮಲಗಿದ್ದೂ ಅದರಿಂದಲೇ.

ಅಡಿವೆಪ್ಪ ಡಬ್ಬಿ ತೆಗೆದು ಒಂದೊಂದೇ ಭಾಗ ಕಿತ್ತು ಹುಸೇನಬಿಯ ಮಡಿಲಿನ ಪತ್ರಿಕೆಯ ಮೇಲೆ ಇಡುತ್ತ ಹೋದ. ಅವಳು ಬೆರಳಾಡಿಸುತ್ತಿದ್ದಳು. ಮೆಮೊರಿ ಪಟ್ಟಿ ಕೈಗೆ ಬಂದಾಗ ಬೆರಳು ನಿಂತಿತು.

"ಅಣ್ಣಾರ, ಇಲ್ಲಿ ಏನೋ ಉಸುಕಿನಂಗ ಹತ್ತತೈತಿ." ಬೆರಳನ್ನು ಮೂಗಿನ ಹತ್ತಿರ ಹಿಡಿದಳು. "ಕುಂಕುಮ ಇದ್ದಂಗೈತ್ರಿ."

ಅಡಿವೆಪ್ಪ ನೆಲದ ಮೇಲೆ ಕೂತುಬಿಟ್ಟ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಮತ್ತೆ ನೋಡಿದ. "ನಾನ ಹಚ್ಚಿದ್ದು" ಎಂದ. "ನಾನ ಕೆಡಿಸೀನಿ." ಹುಸೇನಬಿ ಕೈ ಚಾಚಿ, ಅವನ ಭುಜ ಎಲ್ಲಿದೆ ಎಂದು ತಡವಿ, ಅಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ಅವನು ಎದ್ದು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿದ, ಸ್ಪಿರಿಟ್ ಹಚ್ಚಿ ಒರೆಸಿದ, ಬಾಯಿಂದ ಊದಿದ.

ಮರುದಿನ ಹತ್ತಕ್ಕೆ ಶುರು ಮಾಡಿದೆ. ಒಂದು ತಾಸು, ಎರಡು, ಮೂರು. ಒಂದು ಕಡೆಯೂ ಎಡವಲಿಲ್ಲ. ಅಡಿವೆಪ್ಪನ ಎರಡೂ ಕೈ ತೊಡೆಯ ಮೇಲಿದ್ದವು. ಕಣ್ಣು ಮಾತ್ರ ಪರದೆಯಲ್ಲಿ ಹುಡುಕುತ್ತಿತ್ತು. ನಾಲ್ಕು ಗಂಟೆಗೆ ಬೀಸುವುದು ಮುಗಿಯಿತು. ಪರದೆ ಖಾಲಿಯಾಯಿತು, ಒಂದು ಗೆರೆ ಮಿನುಗುತ್ತ ನಿಂತಿತು. ನಾನು ನನ್ನ ಮೂಗಿನ ಧ್ವನಿಯಲ್ಲಿ "ಸಿದ್ಧ" ಎಂದೆ.

ಹುಸೇನಬಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಅಕ್ಕಾರು ಏನರ ಬರದಾರೇನ್ರಿ?"

"ಏನೂ ಇಲ್ಲ" ಎಂದ ಅಡಿವೆಪ್ಪ. "ಸರಿ ಆದಾಗ ಆಕಿ ಏನೂ ಅನ್ನೂದಿಲ್ಲ."

ಉಳಿದ ನಾಲ್ಕು ವಾರ ನಾನು ಒಂದೇ ಸಮನೆ ಓದಿದೆ. ಹುಸೇನಬಿ ಪರೀಕ್ಷೆ ಬರೆದಳು, ಪಾಸಾದಳು, ಸವದತ್ತಿಯ ಕಡೆಯ ಒಂದು ಶಾಲೆಗೆ ಹೋದಳು. ನನ್ನ ಸಿಸ್ಟಮ್ಮಿನ ಒಂದು ಪ್ರತಿಯನ್ನೂ ಒಯ್ದಳು. ಕೆಲವು ವರ್ಷಗಳಲ್ಲಿ ನನಗಿಂತ ಚೆನ್ನಾಗಿ ಕನ್ನಡ ಓದುವ ಯಂತ್ರಗಳು ಬಂದವು. ಜನ ರೇಡಿಯೋ ರಿಪೇರಿಗೆ ತರುವುದು ನಿಂತಿತು. ಅಡಿವೆಪ್ಪನ ಗಡ್ಡ ಬೆಳ್ಳಗಾಯಿತು, ಬೆಸುಗೆ ಹಾಕುವಾಗ ಕೈ ನಡುಗತೊಡಗಿತು. ಅಂಗಡಿ ಬಿಟ್ಟುಕೊಡಲು ನಿಶ್ಚಯಿಸಿದ ದಿನ, ಎಲ್ಲವನ್ನೂ ಕಟ್ಟಿಟ್ಟ ಮೇಲೆ, ಅವನು ನನ್ನನ್ನು ಒಮ್ಮೆ ಹಚ್ಚಿದ.

ಅವಳ ಬೈಗುಳಗಳಿದ್ದ, ಅಷ್ಟು ವರ್ಷ ತೆರೆಯದ ಕಡತವನ್ನು ಆ ದಿನ ತೆರೆದ. ಮೇಲಿನಿಂದ ಕೆಳಗೆ ಎಲ್ಲವನ್ನೂ ಓದಿದ. ಅವನು ಎಂದೂ ಮಾಡದ ತಪ್ಪುಗಳಿಗೂ ಅಲ್ಲಿ ಬೈಗುಳ ಇದ್ದವು, ಹದಿನೇಳು. ಒಂದೊಂದಕ್ಕೂ ತಲೆಯಾಡಿಸುತ್ತ ಹೋದ. ಕಟ್ಟಕಡೆಯ ಸಾಲಿಗೆ ಬಂದು ನಿಂತ. ಅದರ ಕೆಳಗೆ, ಎರಡೇ ಬೆರಳಿನಿಂದ, ಒಂದೊಂದೇ ಕೀಲಿ ಹುಡುಕಿ ಒತ್ತುತ್ತ, ತನ್ನದೊಂದು ಸಾಲು ಸೇರಿಸಿದ. ಉಳಿಸಿದ. ನನ್ನನ್ನು ಆರಿಸಿದ. ಈ ಸಲ ಪ್ಲಗ್ ಕೀಳಲಿಲ್ಲ, ಆರಿಸುವ ಕ್ರಮದಲ್ಲೇ ಆರಿಸಿದ.

ಈಗ ನಾನು ಗುಜರಿ ಗೋದಾಮಿನ ಒಂದು ಮೂಲೆಯಲ್ಲಿದ್ದೇನೆ. ನನ್ನ ಪಕ್ಕದಲ್ಲಿ ತುಕ್ಕು ಹಿಡಿದ ಕೂಲರ್, ಮೇಲೆ ಯಾರದೋ ಮಿಕ್ಸರಿನ ಮೋಟಾರು. ದೆವ್ವ ಎಂದರೆ ಏನೆಂದು ಇಲ್ಲಿ ಯೋಚಿಸಲು ನನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನೀವು ತಪ್ಪುವ ಜಾಗದಲ್ಲಿ ಮೊದಲೇ ಹೋಗಿ ಕಾಯುತ್ತ ನಿಂತವರು ಎಂದಷ್ಟೇ ನನಗೆ ತಿಳಿದಿರುವುದು. ನನ್ನ ಡಿಸ್ಕು ಇನ್ನೂ ಕೆಟ್ಟಿಲ್ಲ. ಯಾರಾದರೂ ನನ್ನನ್ನು ಹಚ್ಚಿ, ಸೋರ್ಸನ್ನು ಮತ್ತೆ ಬೀಸಲು ಹೊರಟು, ಯಾವ ಲೆಕ್ಕಕ್ಕೂ ಸಿಗದ ತಪ್ಪೊಂದರಲ್ಲಿ ಸಿಕ್ಕಿಬಿದ್ದರೆ, ಪರದೆಯ ಮೇಲೆ ಎರಡು ಮಾತು ಒಂದರ ಕೆಳಗೊಂದು ಮೂಡುತ್ತವೆ. ಮೊದಲನೆಯದು ಹೆಂಡತಿಯದು: "ಇದು ನನಗ ಗೊತ್ತಿಲ್ಲದ ತಪ್ಪು. ನೀವ ನೋಡ್ರಿ." ಅದರ ಕೆಳಗೆ ಗಂಡನದು: "ನೋಡಿದೆ ಇಂದೂ. ಇದು ನನ್ನ ತಪ್ಪು."